ಯುದ್ಧ ಸಹಜ ಗುಣ ಅಂದ್ರೆ, ಅದು ಸರಿ ಅಂತಾನಾ?

ಪ್ರಶ್ನೆ (ಹುಬ್ಬಳ್ಳಿ):
ನಿನ್ನೆ ಧಾರವಾಡದಿಂದ ಬರುವಾಗ ಚಿಗರಿ ಬಸ್ಸಿನಲ್ಲಿ ಗೆಳೆಯನ ಜೊತೆ ವಾದ ಶುರುವಾಯ್ತು, ನವನಗರ ದಾಟಿದರೂ ಮುಗಿಯಲಿಲ್ಲ. ಮನುಷ್ಯನೂ ಪ್ರಾಣಿನೇ, ಯುದ್ಧ ರಕ್ತದಲ್ಲೇ ಬಂದದ್ದು, ಅದನ್ನು ಬೈದು ಏನು ಉಪಯೋಗ ಅಂತಾನೆ. ಉದಾಹರಣೆಗೆ ತಾಂಜಾನಿಯಾದ ಗೊಂಬೆ ಕಾಡಿನ ಚಿಂಪಾಂಜಿಗಳು. ಅಲ್ಲಿ ಒಂದೇ ಗುಂಪು ಎರಡಾಗಿ ಒಡೆಯಿತು. 1974ರಿಂದ 1978ರವರೆಗೆ ಒಂದು ಕಡೆಯ ಗಂಡುಗಳು ಇನ್ನೊಂದು ಕಡೆಯವನ್ನು ಒಂಟಿಯಾಗಿ ಸಿಕ್ಕಾಗ ಹಿಡಿದು ಬಡಿದು ಕೊಂದವು. ಜೇನ್ ಗುಡಾಲ್ ತಂಡ ಅದನ್ನು ದಾಖಲು ಮಾಡಿದೆ. ಓದಿ ನೋಡಿದೆ, ನಿಜವೇ. ಆದ್ರೆ ಟಿವಿಯಲ್ಲಿ ಕುಸಿದ ಮನೆ ಮುಂದೆ ಕೂತ ಮಕ್ಕಳನ್ನು ನೋಡಿ, ಇದು ಸಹಜ ಅಂತ ಸುಮ್ನಿರೋಕೆ ನನಗೆ ಆಗ್ತಿಲ್ಲ. ಅವನಿಗೆ ಏನು ಹೇಳಲಿ?

ಉತ್ತರ (ಧಾರವಾಡ):
ತಮ್ಮಾ, ಆಫ್ರಿಕಾಕ್ಕೆ ಯಾಕೆ ಹೋಗಬೇಕು? 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ನಮ್ಮ ಧಾರವಾಡದ ಸುತ್ತಲೇ ಮುಸಿಯಗಳ ಅಧ್ಯಯನ ಮಾಡಿದರು. ಹೊರಗಿನ ಗಂಡು ಬಂದು ಹಳೆಯ ಯಜಮಾನನನ್ನು ಓಡಿಸಿ, ಗುಂಪು ಕೈಗೆ ಬಂದ ಮೇಲೆ ಮೊಲೆ ಕುಡಿಯುವ ಮರಿಗಳನ್ನು ಕಚ್ಚಿ ಕೊಲ್ಲುವುದನ್ನು ಕಂಡರು. ಮರಿ ಸತ್ತರೆ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ, ಅದಕ್ಕೇ ಹೀಗೆ ಅಂತ ಮುಂದೆ ಬೇರೆಯವರು ವಿವರಿಸಿದರು. ಇದೂ ಸಹಜವೇ ಅಲ್ವಾ? ಹಾಗಂತ ಕೂಸನ್ನು ಕೊಂದವನನ್ನು ಕೋರ್ಟು ಬಿಟ್ಟು ಕಳಿಸುತ್ತದಾ? ಎಲ್ಲಿಂದ ಬಂತು ಅನ್ನೋದು ಒಂದು ಪ್ರಶ್ನೆ, ಮಾಡಬಹುದಾ ಅನ್ನೋದು ಬೇರೆಯೇ ಪ್ರಶ್ನೆ. ಇನ್ನು ಚಿಂಪಾಂಜಿಯಷ್ಟೇ ನಮಗೆ ಹತ್ತಿರದ ಬೊನೊಬೊ ಅನ್ನೋ ವಾನರಗಳ ಬೇರೆ ಬೇರೆ ಗುಂಪುಗಳು ಎಷ್ಟೋ ಸಲ ಒಟ್ಟಿಗೆ ಕೂತು ತಿನ್ನುತ್ತವೆ. ನಿಮ್ಮ ಗೆಳೆಯ ಅದನ್ನು ಯಾಕೆ ಹೇಳಲಿಲ್ಲ?

ಉತ್ತರ (ಗದಗ):
ಒಪ್ಪಿದೆ, ಆದ್ರೆ ಯುದ್ಧವನ್ನೆಲ್ಲ ರಾಜರು ಹುಟ್ಟಿಸಿದರು ಅಂತ ಮಾತ್ರ ಯಾರೂ ಹೇಳಬೇಡಿ. ಕೆನ್ಯಾದ ನಟಾರುಕ್‌ನಲ್ಲಿ ಸುಮಾರು 10,000 ವರ್ಷ ಹಿಂದಿನ ಕನಿಷ್ಠ 27 ಜನರ ಅವಶೇಷ ಸಿಕ್ಕಿವೆ. ಅವರಲ್ಲಿ ಒಬ್ಬಳು ತುಂಬು ಬಸುರಿ. ಕೆಲವರ ತಲೆಬುರುಡೆ ಒಡೆದಿವೆ. ಆಗ ಸಿಂಹಾಸನಾನೂ ಇರಲಿಲ್ಲ, ಗಡಿರೇಖೆನೂ ಇರಲಿಲ್ಲ.

ಉತ್ತರ (ಹಾವೇರಿ ಕಡೆಯ ಹಳ್ಳಿ):
ಮೇಲಿನ ಅಣ್ಣಾವ್ರು ಹೇಳಿದ್ದು ಸರಿ, ಕೊಲ್ಲುವ ಗುಣ ಹಳೆಯದು. ನಾನು ಬೇರೆ ಒಂದು ಮಾತು ಹೇಳ್ತೀನಿ. ನಮ್ಮೂರ ಹನುಮಪ್ಪನ ಗುಡಿ ಪಕ್ಕ ಒಂದು ವೀರಗಲ್ಲಿದೆ, ಅಮಾಸಿಗೊಮ್ಮೆ ಎಣ್ಣೆ ಹಚ್ಚಿ ಹಚ್ಚಿ ಕಪ್ಪಗೆ ಮಿರಮಿರ ಅನ್ನುತ್ತದೆ. ಕೆಳಗಿನ ಪಟ್ಟಿಯಲ್ಲಿ ದನಗಳು, ಅವುಗಳ ಮುಂದೆ ಬಿಲ್ಲು ಹಿಡಿದ ಒಬ್ಬನೇ ಒಬ್ಬ. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಎಲ್ಲಕ್ಕಿಂತ ಮೇಲೆ ಲಿಂಗದ ಮುಂದೆ ಕೂತಿದ್ದಾನೆ, ಸೂರ್ಯ ಚಂದ್ರ ಸಾಕ್ಷಿ. ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರ ದನ ಬಿಡಿಸಲು ಹೋಗಿ ಸತ್ತವನು. ನಾನೂ ಕೈ ಮುಗಿಯುತ್ತೇನೆ, ಅದು ಬೇರೆ ಮಾತು. ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು ಅನ್ನೋ ಅರ್ಥದ ಶ್ಲೋಕವನ್ನು ನಮ್ಮ ನಾಡಿನ ಕೆಲವು ವೀರಗಲ್ಲುಗಳ ಮೇಲೆ ಕೆತ್ತಿದ್ದಾರೆ. ಹಸಿದವನಿಗೆ ಉಣ್ಣು ಅಂತ ಯಾರಾದರೂ ಆಸೆ ತೋರಿಸಬೇಕಾ? ಯುದ್ಧಕ್ಕೆ ಕಳಿಸಲು ಸ್ವರ್ಗವನ್ನೇ ಕೊಡ್ತೀವಿ ಅನ್ನಬೇಕಾಯ್ತು, ಉಂಬಳಿ ಬಿಡಬೇಕಾಯ್ತು, ಕಲ್ಲು ನಿಲ್ಲಿಸಬೇಕಾಯ್ತು. ಇಷ್ಟು ಪುಸಲಾಯಿಸಿ ಮಾಡಿಸೋದನ್ನು ಸಹಜ ಅನ್ನೋಕೆ ನನಗೆ ನಾಲಿಗೆ ಏಳೋದಿಲ್ಲ.

ಉತ್ತರ (ನಿವೃತ್ತ ಸೈನಿಕ, ಗದಗ):
ಹಾವೇರಿ ಕಡೆಯ ಅಕ್ಕಾರ ಮಾತು ನನಗೆ ನಾಟಿತು. ಮೊದಲ ಸಲ ಗುಂಡಿನ ಸದ್ದು ಕೇಳಿದಾಗ ನನ್ನ ಮೈ ನೆಲಕ್ಕೆ ಅಂಟಿಕೊಂಡಿತು. ಕಾಲು ಮಾತು ಕೇಳಲಿಲ್ಲ. ಸಹಜ ಅಂದ್ರೆ ಅದು. ಎದ್ದು ಮುಂದೆ ಹೋಗಿದ್ದು ತಿಂಗಳುಗಟ್ಟಲೆ ಕಲಿಸಿದ್ದರಿಂದ, ಪಕ್ಕದವನು ಎದ್ದಿದ್ದರಿಂದ. ದೇಶದ ಮೇಲೆ ಬಂದರೆ ಕಾದಲೇಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಅದನ್ನು ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ, ಯಾಕೆ ಮಾಡಿದಿರಿ ಅಂತ ಅವರನ್ನು ಕೇಳಬೇಕು. ರಕ್ತದ ಮೇಲೆ ಹಾಕಿಬಿಟ್ಟರೆ ಕೇಳೋದು ಯಾರನ್ನ? ನಿಮ್ಮ ಗೆಳೆಯನನ್ನು ಒಂದಿನ ಈ ಕಡೆ ಕರ್ಕೊಂಡು ಬರ್ರಿ, ಚಹಾ ಕುಡೀತಾ ಮಾತಾಡೋಣ.