ದೊಡ್ಡಪ್ಪನ ಲಿವರ್‌ಗೆ ಚೀನಾದ ಬೇರು

ಶಿವಮೊಗ್ಗ ದೊಡ್ಡಮ್ಮ (ಫಾರ್ವರ್ಡ್): ಲಿವರ್‌ಗೆ ಪುಷ್ಟಿ ಕೊಡುವ ಚೀನಾದ ಪ್ರಾಚೀನ ಬೇರು! ಕಣ್ಣು ಮಂಜು, ಉಗುರು ಸೀಳುವುದು, ಮಾತುಮಾತಿಗೆ ಸಿಟ್ಟು, ಬಿಳಿಕೂದಲು ಇದ್ದರೆ ನಿಮ್ಮ ಲಿವರ್ ಸೊರಗಿದೆ. ಹೆ ಶೌ ವು ಬೇರಿನ ಪುಡಿ ದಿನಕ್ಕೆ ಎರಡು ಚಮಚ. ಅಡ್ಡಪರಿಣಾಮ ಇಲ್ಲವೇ ಇಲ್ಲ. ಎಲ್ಲರಿಗೂ ಕಳಿಸಿ.

ಶಿವಮೊಗ್ಗ ದೊಡ್ಡಮ್ಮ: ದೊಡ್ಡಪ್ಪನಿಗೆ ಫ್ಯಾಟಿ ಲಿವರ್ ಎಂದು ಸ್ಕ್ಯಾನ್‌ನಲ್ಲಿ ಬಂತಲ್ಲ, ಇದು ಅವರಿಗೆ ಹೇಳಿ ಮಾಡಿಸಿದ ಹಾಗಿದೆ. ಪುಟ್ಟಿ, ಸಿಂಗಾಪುರದಲ್ಲಿ ಸಿಗುತ್ತಾ?

ನಾನು: ಸಿಗುತ್ತದೆ ದೊಡ್ಡಮ್ಮ. ಆದರೆ ಇದನ್ನು ಮಾತ್ರ ಕೊಡಬೇಡಿ. ಲಿವರ್‌ಗೆ ಪೆಟ್ಟು ಕೊಡುತ್ತದೆ ಎಂದು ಹೆಸರು ಕೆಡಿಸಿಕೊಂಡಿರುವ ಬೇರು ಇದು. ಬ್ರಿಟನ್ನಿನ ಔಷಧ ನಿಯಂತ್ರಕರು 2006ರಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ. 2014ರಲ್ಲಿ ಚೀನಾ ಸರ್ಕಾರದ ಔಷಧ ಇಲಾಖೆಯೂ ಎಚ್ಚರಿಸಿತು.

ಮೈಸೂರು ಚಿಕ್ಕಪ್ಪ: ಎರಡು ಸಾವಿರ ವರ್ಷದ ವೈದ್ಯವನ್ನು ಒಂದು ಸುತ್ತೋಲೆ ಅಳಿಸಿಬಿಡುತ್ತಾ? ನಾವೆಲ್ಲ ಕಷಾಯ ಕುಡಿದೇ ಬೆಳೆದವರು ಪುಟ್ಟಿ.

ನಾನು: ಆ ವೈದ್ಯವನ್ನು ನಾನು ಹಳಿಯುತ್ತಿಲ್ಲ ಚಿಕ್ಕಪ್ಪ. ನಮ್ಮ ಮನೆ ಹತ್ತಿರವೇ ಒಂದು ಚೀನೀ ಔಷಧದ ಅಂಗಡಿ ಇದೆ. ಗೋಡೆ ತುಂಬ ಸಣ್ಣ ಸಣ್ಣ ಮರದ ಡ್ರಾಯರ್. ಒಳಗೆ ಕಾಲಿಟ್ಟರೆ ಒಣಬೇರು, ಒಣಸಿಪ್ಪೆಯ ವಾಸನೆ. ಅಲ್ಲಿನ ವೈದ್ಯರು ನಾಲಿಗೆ ನೋಡುತ್ತಾರೆ, ಒಂದೊಂದು ಮಣಿಕಟ್ಟಿನಲ್ಲೂ ಮೂರು ಕಡೆ ನಾಡಿ ಹಿಡಿಯುತ್ತಾರೆ, ಆಮೇಲೆ ತೂಕ ಮಾಡಿ ಪೊಟ್ಟಣ ಕಟ್ಟುತ್ತಾರೆ. ಈ ವೈದ್ಯರು ನೋಂದಣಿ ಮಾಡಿಸಲೇಬೇಕು ಎಂದು ಇಲ್ಲಿ 2000ದಲ್ಲೇ ಕಾನೂನು ಬಂದಿದೆ. ಫಾರ್ವರ್ಡ್ ನೋಡಿ ಎರಡು ಚಮಚ ಕಲಸಿ ಕುಡಿಯುವುದು ಆ ವೈದ್ಯವೇ ಅಲ್ಲ.

ಹುಬ್ಬಳ್ಳಿ ಅತ್ತೆ: ಮತ್ತೆ ಲಿವರ್‌ಗೆ ಪುಷ್ಟಿ ಅಂತ ಅವರ ಗ್ರಂಥದಲ್ಲೇ ಬರೆದಿದೆಯಲ್ಲ?

ನಾನು: ಬರೆದಿದೆ ಅತ್ತೆ. ಎಲ್ಲ ಗೊಂದಲ ಇರುವುದು ಇಲ್ಲೇ. ಲಿವರ್‌ಗೆ ಅವರು 'ಗಾನ್' ಎನ್ನುತ್ತಾರೆ. ಅದು ರಕ್ತ ಕೂಡಿಡುವ ಜಾಗ, ಮೈಯೊಳಗಿನ 'ಚೀ' ಎಂಬ ಜೀವಚೈತನ್ಯ ಸರಾಗ ಹರಿಯುವಂತೆ ನೋಡಿಕೊಳ್ಳುವ ಶಕ್ತಿ. ಕಣ್ಣು, ಉಗುರು, ಸ್ನಾಯುರಜ್ಜು, ಸಿಟ್ಟು ಎಲ್ಲ ಅದರ ಲೆಕ್ಕಕ್ಕೆ ಸೇರುತ್ತವೆ. ಪಂಚತತ್ತ್ವದಲ್ಲಿ ಅದು ಮರ, ಋತುಗಳಲ್ಲಿ ವಸಂತ. ನಾವು 'ಅವನಿಗೆ ಪಿತ್ತ ನೆತ್ತಿಗೇರಿದೆ' ಎನ್ನುತ್ತೇವೆ, ಅದಕ್ಕೆ ಯಾರಾದರೂ ಪಿತ್ತಕೋಶದ ಸ್ಕ್ಯಾನ್ ಮಾಡಿಸುತ್ತಾರಾ? ದೊಡ್ಡಪ್ಪನ ರಿಪೋರ್ಟಿನಲ್ಲಿ ಜಾಸ್ತಿ ಇರುವುದು ಎಸ್‌ಜಿಪಿಟಿ. ಅದು ಗಾಯಗೊಂಡ ಲಿವರ್ ಕೋಶಗಳಿಂದ ರಕ್ತಕ್ಕೆ ಸೋರುವ ಕಿಣ್ವ. ಗಾನ್‌ಗೆ ಹೇಳಿದ ಮದ್ದು ಈ ಲಿವರ್‌ಗೂ ಆಗುತ್ತದೆ ಎಂದು ಹೇಗೆ ನಂಬುವುದು?

ಮೈಸೂರು ಚಿಕ್ಕಪ್ಪ: 2015ರಲ್ಲಿ ಚೀನಾದ ವಿಜ್ಞಾನಿ ಟು ಯೂಯೂ ಅವರಿಗೆ ನೊಬೆಲ್ ಬಂದದ್ದು ಚೀನೀ ಮೂಲಿಕೆಗೇ ಅಲ್ವಾ?

ನಾನು: ಹೌದು, ಓದಿ ನನಗೂ ಹೆಮ್ಮೆಯಾಗಿತ್ತು. ಹಳೆಯ ಗ್ರಂಥದಲ್ಲಿ ಸುಳಿವು ಸಿಕ್ಕಿತು. ಆಮೇಲೆ ಅವರು ಸೊಪ್ಪಿನಿಂದ ಆರ್ಟೆಮಿಸಿನಿನ್ ಎಂಬ ಒಂದೇ ಅಂಶ ಬೇರೆ ಮಾಡಿ, ಪ್ರಾಣಿಗಳ ಮೇಲೆ ನೋಡಿ, ತಾವೇ ನುಂಗಿ, ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ಅದೂ ಮಲೇರಿಯಾಕ್ಕೆ. ಈ ಪುಡಿಗೆ ಅಂಥ ಪರೀಕ್ಷೆ ಯಾರು ಮಾಡಿದ್ದಾರೆ ತೋರಿಸಿ, ನಾನೇ ತಂದುಕೊಡುತ್ತೇನೆ.

ಮೈಸೂರು ಚಿಕ್ಕಪ್ಪ: ಎಷ್ಟೋ ಜನ ತಿಂದು ಚೆನ್ನಾಗಿದ್ದಾರಲ್ಲ.

ನಾನು: ಇದ್ದಾರೆ, ಸುಳ್ಳಲ್ಲ. ಒಂದು ಬಗೆಯ ಜೀನ್ ಇರುವವರಿಗೇ ಅಪಾಯ ಜಾಸ್ತಿ ಎಂದು ಚೀನಾದ ಸಂಶೋಧಕರೇ ಕಂಡುಕೊಂಡಿದ್ದಾರೆ. ದೊಡ್ಡಪ್ಪನಿಗೆ ಅದು ಇದೆಯೋ ಇಲ್ಲವೋ ಯಾರಿಗೆ ಗೊತ್ತು? ಇನ್ನೊಂದು ಮಾತು. ಈ ಬೇರನ್ನು ಅವರು ಕರಿಯ ಸೋಯಾ ಕಾಳಿನ ರಸದಲ್ಲಿ ಬೇಯಿಸಿ, ಕಪ್ಪಗಾಗುವ ತನಕ ಹಬೆಯಾಡಿಸಿ ಒಣಗಿಸುತ್ತಾರೆ. ಹಸಿಬೇರಿನ ಗುಣವೇ ಬೇರೆ. ಪುಡಿಯಾದ ಮೇಲೆ ಡಬ್ಬಿಯಲ್ಲಿ ಯಾವುದಿದೆ ಎಂದು ನಮಗೆ ಹೇಗೆ ತಿಳಿಯಬೇಕು? ಸಂಸ್ಕರಿಸಿದ್ದರಿಂದಲೂ ಲಿವರ್ ಕೆಟ್ಟವರಿದ್ದಾರೆ.

ಹುಬ್ಬಳ್ಳಿ ಅತ್ತೆ: ಹಾಗಾದರೆ ನಮ್ಮ ಅಮೃತಬಳ್ಳಿಯೇ ವಾಸಿ ಅನ್ನು.

ನಾನು: ಅದೂ ಬೇಡ ಅತ್ತೆ. ಕೋವಿಡ್ ಹೊತ್ತಿನಲ್ಲಿ ದಿನಾ ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರ್ ಊತ ಕಂಡಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ನಮ್ಮದು, ಅವರದು ಎಂದು ಲಿವರ್ ನೋಡುವುದಿಲ್ಲ.

ಶಿವಮೊಗ್ಗ ದೊಡ್ಡಮ್ಮ: ನೀನು ಎಲ್ಲದಕ್ಕೂ ಬೇಡ ಎನ್ನುತ್ತೀಯ. ಸುಮ್ನೆ ಕೈಕಟ್ಟಿ ಕೂತಿರಲಾ? ರಾತ್ರಿ ಅವರು ನಿದ್ದೆ ಬಾರದೆ ಹೊರಳಾಡುವುದು ನನಗೆ ಕಾಣುತ್ತದೆ.

ನಾನು: ನಿಮ್ಮ ಸಂಕಟ ಅರ್ಥವಾಗುತ್ತದೆ ದೊಡ್ಡಮ್ಮ. ಫ್ಯಾಟಿ ಲಿವರ್‌ಗೆ ಮೊದಲ ಮದ್ದು ತೂಕ ಇಳಿಸುವುದು. ಮೈತೂಕದ ಹತ್ತು ಕಿಲೋಗೆ ಒಂದು ಕಿಲೋದಂತೆ ಇಳಿದರೂ ತುಂಬ ಗುಣ ಕಾಣುತ್ತದೆ. ದಿನಾ ಸಂಜೆ ನೀವಿಬ್ಬರೂ ನಡೆಯಿರಿ. ಕಾಫಿಗೆ ಸಕ್ಕರೆ ಬೇಡ.

ದೊಡ್ಡಪ್ಪ: ಎಲ್ಲ ಓದಿದೆ ಪುಟ್ಟಿ. ಡಬ್ಬಿ ಸೋಮವಾರವೇ ಬಂದಿದೆ. ಮೂರು ದಿನ ಕುಡಿದೆ. ಫೋಟೋ ಹಾಕುತ್ತೇನೆ.

ನಾನು: ನೋಡಿದೆ ದೊಡ್ಡಪ್ಪ. ಎರಡನೇ ಸಾಲಿನಲ್ಲಿ ಶೌ ವು ಎಂದೇ ಇದೆ. ಇವತ್ತಿಗೆ ನಿಲ್ಲಿಸಿ. ನಿಲ್ಲಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಹೆದರಬೇಡಿ. ಮೂತ್ರ ಕಡುಹಳದಿ ಆಗಿದೆಯಾ? ಕಣ್ಣಿನ ಬಿಳಿಗುಡ್ಡೆ? ಮೈ ತುರಿಕೆ?

ದೊಡ್ಡಪ್ಪ: ಅಂಥದ್ದೇನೂ ಇಲ್ಲ. ಊಟ ಮಾತ್ರ ಸೇರುತ್ತಿಲ್ಲ.

ನಾನು: ಹಾಗಿದ್ದರೆ ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಲಿವರ್ ಫಂಕ್ಷನ್ ಟೆಸ್ಟ್ ಮತ್ತೆ ಮಾಡಿಸಿ. ಪುಡಿ ಕುಡಿದದ್ದನ್ನು ಮುಚ್ಚಿಡಬೇಡಿ.

ಮೈಸೂರು ಚಿಕ್ಕಪ್ಪ: ಅಣ್ಣ, ಬೆಳಗ್ಗೆ ನಾನೇ ಕಾರು ತೆಗೆದುಕೊಂಡು ಬರುತ್ತೇನೆ.

ಶಿವಮೊಗ್ಗ ದೊಡ್ಡಮ್ಮ: ಫಾರ್ವರ್ಡ್ ಅಳಿಸಿದೆ. ನಮ್ಮ ಭಜನೆ ಗುಂಪಿಗೂ ಹಾಕಿದ್ದೆ, ಅಲ್ಲಿಯೂ ಅಳಿಸಿ ಎಲ್ಲರಿಗೂ ಹೇಳುತ್ತೇನೆ. ಡಬ್ಬಿ ಚೀಲಕ್ಕೆ ಹಾಕಿದ್ದೇನೆ, ಡಾಕ್ಟರಿಗೆ ತೋರಿಸುವುದಕ್ಕೆ.