ನಗರ ಯೋಜನೆಯ ವಿದ್ಯಾರ್ಥಿಗಳಿಗೆ ಬೆಂಗಳೂರಿನೊಳಗೇ ಕ್ಷೇತ್ರ ಭೇಟಿ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಅಧ್ಯಾಪಕಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ನಗರ ಯೋಜನೆಯ ಪದವಿ ತರಗತಿಗಳಿಗೆ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ ಚಂಡೀಗಡಕ್ಕೋ ಅಹಮದಾಬಾದಿಗೋ ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯುವುದು ನಮ್ಮಲ್ಲಿ ರೂಢಿ. ಆದರೆ ತಾವು ದಿನವೂ ಬಸ್ಸಿಳಿಯುವ ಮೆಜೆಸ್ಟಿಕ್ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿತ್ತೆಂಬುದು ಅವರಲ್ಲಿ ಅನೇಕರಿಗೆ ತಿಳಿದಿಲ್ಲ. ಈ ಬಾರಿ ಎರಡನೆಯ ವರ್ಷದ ಮೂವತ್ತು ವಿದ್ಯಾರ್ಥಿಗಳನ್ನು ನಾಲ್ಕು ಶನಿವಾರ ಊರೊಳಗೇ ಕರೆದೊಯ್ಯಬೇಕೆಂದಿದ್ದೇನೆ. ಅದು ಬರಿಯ ಸುತ್ತಾಟವಾಗದಿರಬೇಕಾದರೆ ಯಾವ ಸ್ಥಳ ಆರಿಸಬೇಕು, ಅವರ ಕೈಗೆ ಏನು ಕೆಲಸ ಕೊಡಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ನಗರ ಯೋಜಕ

ಮೇಡಂ, ನಾಲ್ಕು ಶನಿವಾರಕ್ಕೆ ನಾಲ್ಕು ಸ್ಥಳ ಬೇಡ. ಒಂದೇ ರಾಜಕಾಲುವೆಯನ್ನು (ಮಳೆನೀರು ಹರಿಯುವ ದೊಡ್ಡ ಕಾಲುವೆಯನ್ನು) ಹಿಡಿದು ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಯವರೆಗೆ ನಡೆಯಿರಿ. ಬೆಂಗಳೂರು ದಿಣ್ಣೆಯ ಮೇಲಿರುವ ಊರು. ಇಲ್ಲಿ ಬಿದ್ದ ಮಳೆ ಒಂದು ಕಡೆ ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ ಮುಂದೆ ಕಾವೇರಿಯನ್ನೂ ಸೇರಿದರೆ, ಇನ್ನೊಂದು ಕಡೆ ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಇದನ್ನು ಕಾಲಿನಿಂದ ಅರಿತವರಿಗೆ ಮಾಸ್ಟರ್ ಪ್ಲಾನಿನಲ್ಲಿ ಭೂಬಳಕೆಯನ್ನು ತೋರಿಸುವ ಬಣ್ಣಗಳ ಕೆಳಗೆ ನೆಲದ ಇಳಿಜಾರು ಕಾಣತೊಡಗುತ್ತದೆ.

ಹೊರಡುವ ಮುನ್ನ ಆ ಭಾಗದ ಹಳೆಯ ಗ್ರಾಮ ನಕಾಶೆಯನ್ನು ಓದಿಸಿ. ಹಳ್ಳ, ಬಂಡಿದಾರಿ, ಗುಂಡುತೋಪುಗಳನ್ನು ಗುರುತಿಸಿಕೊಂಡು, ಸ್ಥಳದಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ತಾವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆಂದು ನೋಡಲಿ. ನಕಾಶೆಯಲ್ಲಿ ಹಳ್ಳವಿರುವ ಕಡೆ ಎದುರಿಗೆ ಕಾಂಪೌಂಡು ಗೋಡೆ ಕಂಡರೆ, ಅಲ್ಲಿಂದ ಮುಂದಿನ ಪ್ರಶ್ನೆಗಳನ್ನು ನೀವು ಕೇಳಬೇಕಾಗಿಲ್ಲ, ಅವರೇ ಕೇಳುತ್ತಾರೆ. ತಗ್ಗಿನ ಮನೆಗಳವರು ಮಳೆಗಾಲದಲ್ಲಿ ನೀರು ನಿಂತ ಎತ್ತರವನ್ನು ಗೋಡೆಯ ಕಲೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಅದನ್ನು ಟೇಪಿನಿಂದ ಅಳೆದು ನಕ್ಷೆಯಲ್ಲಿ ಬರೆಯುವುದೇ ಮೊದಲ ದಿನದ ಕೆಲಸವಾಗಲಿ.

ಉತ್ತರ: ಹಳೆಯ ವಿದ್ಯಾರ್ಥಿ

ಸರ್ ಹೇಳಿದ್ದು ಸರಿ. ಅದರ ಜೊತೆಗೆ ಒಂದು ಅರ್ಧ ದಿನವನ್ನು ಮಲ್ಲೇಶ್ವರಕ್ಕೆ ಮೀಸಲಿಡಿ. 1898ರ ಪ್ಲೇಗಿನ ನಂತರ ಬೆಳೆದ ಆ ಬಡಾವಣೆಯಲ್ಲಿ ಮನೆಗಳ ಹಿಂದೆ ಹಾದುಹೋಗುವ ಕನ್ಸರ್ವೆನ್ಸಿ ಓಣಿಗಳನ್ನು (ಮಲ, ಕಸ ಸಾಗಿಸಲೆಂದು ಬಿಟ್ಟ ಕಿರುದಾರಿಗಳನ್ನು) ನೋಡಿದಾಗ, ಆರೋಗ್ಯದ ಭಯ ಒಂದು ಊರಿನ ನಕ್ಷೆಯನ್ನು ಹೇಗೆ ತಿದ್ದಿತೆಂಬುದು ನನಗೆ ಮೊದಲ ಬಾರಿ ಅರ್ಥವಾಗಿತ್ತು. ಫುಟ್‌ಪಾತ್ ಅಳತೆಯನ್ನೂ ಬಿಡಬೇಡಿ. ಪಾದಚಾರಿ ಸೌಲಭ್ಯಗಳ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೊರತಂದ ಮಾರ್ಗಸೂಚಿ ಐಆರ್‌ಸಿ 103ರ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ತೆರವಾದ ಅಗಲವಿರಬೇಕೆಂದು ನಾವು ಪರೀಕ್ಷೆಯಲ್ಲಿ ಬರೆದಿದ್ದೆವು. ಟ್ರಾನ್ಸ್‌ಫಾರ್ಮರ್ ಕಟ್ಟೆಯ ಪಕ್ಕ ಟೇಪು ಹಿಡಿದಾಗ ಉಳಿದದ್ದು 70 ಸೆಂಟಿಮೀಟರ್. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ನಮ್ಮೆದುರಿಗೇ ರಸ್ತೆಗಿಳಿದು, ಬಸ್ಸಿಗೆ ದಾರಿ ಬಿಟ್ಟು ಮತ್ತೆ ಹತ್ತಿದರು. ಇಂದಿಗೂ ರಸ್ತೆಯ ವಿನ್ಯಾಸ ಬರೆಯುವಾಗ ನನಗೆ ಆ ಜಾಗವೇ ನೆನಪಾಗುತ್ತದೆ.

ಉತ್ತರ: ಬೀದಿ ವ್ಯಾಪಾರಿಗಳೊಂದಿಗೆ ಕೆಲಸ ಮಾಡುವವರು

ಒಂದು ವಿನಂತಿ. ಮೂವತ್ತು ಜನ ಒಟ್ಟಿಗೆ ಓಣಿಗೆ ನುಗ್ಗಿದರೆ, ತೆರವು ಕಾರ್ಯಾಚರಣೆಗೆ ಬಂದವರೆಂದು ಜನ ಹೆದರುತ್ತಾರೆ. ಐದೈದು ಜನರ ತಂಡ ಮಾಡಿ, ಮೊದಲ ದಿನ ಫೋಟೋ ತೆಗೆಯಬೇಡಿ, ಏಕೆ ಬಂದಿದ್ದೀರೆಂದು ಕನ್ನಡದಲ್ಲಿ ಹೇಳಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳಿಗೇ ಕನಿಷ್ಠ ಶೇ. 40ರಷ್ಟು ಸ್ಥಾನ ಕೊಟ್ಟಿದೆ. ಅವರ ಮಾತನ್ನು ಕೇಳುವುದು ಯೋಜಕರ ಕೆಲಸದ ಭಾಗವೇ. ಮುಗಿದ ಮೇಲೆ ನಕ್ಷೆಯ ಒಂದು ಪ್ರತಿಯನ್ನು ಆ ಬೀದಿಯವರಿಗೂ ಕೊಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ರಾಜಕಾಲುವೆಗೆ ಮೂರು ಶನಿವಾರ, ಮಲ್ಲೇಶ್ವರಕ್ಕೆ ಒಂದು ಎಂದು ನಿಶ್ಚಯಿಸಿದ್ದೇನೆ. ಐದು ಜನರ ಆರು ತಂಡಗಳಿಗೆ ಆರು ಟೇಪುಗಳನ್ನೂ ಗ್ರಾಮ ನಕಾಶೆಯ ಆರು ಪ್ರತಿಗಳನ್ನೂ ಈ ವಾರವೇ ಹೊಂದಿಸುತ್ತೇನೆ.