ರೊಟ್ಟಿ ತಯಾರಿಕೆಯ ವಿಸ್ತರಣೆ: ಯಾವ ನೆರವು ಸೂಕ್ತ?

ಪ್ರಶ್ನೆ:
ವಿಜಯಪುರದ ಬಳಿ ನಾವು ಐವರು ಮಹಿಳೆಯರು ಒಂದು ವರ್ಷದಿಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಿದ್ದೇವೆ. ಕೈಯಲ್ಲಿ ಬಡಿದರೆ ದಿನಕ್ಕೆ ಐನೂರು ರೊಟ್ಟಿ ದಾಟುವುದಿಲ್ಲ; ಬೇಡಿಕೆ ಅದರ ಎರಡರಷ್ಟಿದೆ. ಯಂತ್ರ ಕೊಳ್ಳಲು ಯಾವ ನೆರವು ಸಿಗಬಹುದೆಂದು ಬಲ್ಲವರು ತಿಳಿಸಬೇಕು.

ಉತ್ತರ 1:
ಆಹಾರ ಸಂಸ್ಕರಣೆಯಾದ್ದರಿಂದ 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ (ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗೆ ಕೇಂದ್ರದ ನೆರವು) ಯೋಜನೆಯನ್ನೇ ಮೊದಲು ನೋಡಿ. ಕೇಂದ್ರದ ಶೇ 35ರ ಸಹಾಯಧನಕ್ಕೆ ಕರ್ನಾಟಕ ಸರ್ಕಾರ ಶೇ 15 ಸೇರಿಸುವುದರಿಂದ ಅರ್ಹ ವೆಚ್ಚದ ಅರ್ಧದಷ್ಟು, ಗರಿಷ್ಠ 15 ಲಕ್ಷ ರೂಪಾಯಿವರೆಗೆ, ದೊರೆಯುತ್ತದೆ. ಅರ್ಜಿ ಸ್ವೀಕರಿಸುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಯೋಜನಾ ವರದಿಗಾಗಿ ದಲ್ಲಾಳಿಗಳಿಗೆ ದುಡ್ಡು ಕೊಡಬೇಡಿ; ಅದಕ್ಕೆಂದೇ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ.

ಉತ್ತರ 2:
ಒಂದು ಎಚ್ಚರಿಕೆ: ಸಹಾಯಧನ ನಗದಾಗಿ ಕೈಗೆ ಬರುವುದಿಲ್ಲ. ಅದು ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು, ಕಂತು ತಪ್ಪದಿದ್ದರೆ ನೀವು ಅಲ್ಲಿ ಪಡೆದ ಸಾಲಕ್ಕೆ ಹೊಂದಿಕೆಯಾಗುತ್ತದೆ. ನಮ್ಮಲ್ಲಿ ಯಂತ್ರವೇನೋ ಬಂತು, ಆದರೆ ಸುಗ್ಗಿಯಲ್ಲಿ ಅಗ್ಗವಾಗಿ ಸಿಗುತ್ತಿದ್ದ ಬಿಳಿಜೋಳ ಕೊಳ್ಳಲು ಹಣವಿರಲಿಲ್ಲ. ದುಡಿಯುವ ಬಂಡವಾಳವನ್ನೂ (ಕಚ್ಚಾ ಸಾಮಗ್ರಿ, ದಿನದ ಖರ್ಚಿಗೆ ಬೇಕಾದ ಹಣ) ಈಗಲೇ ಕೇಳಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಬೆಂಗಳೂರಿನ ಅಂಗಡಿಯವರು ಎರಡು ತಿಂಗಳಾದರೂ ಹಣ ಕೊಡುವುದಿಲ್ಲ, ಅದೇ ಚಿಂತೆ.

ಉತ್ತರ 1:
ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಉಚಿತ, ಇಂದೇ ಮಾಡಿಸಿ. 2006ರ ಎಂಎಸ್‌ಎಂಇಡಿ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯಂತೆ ಹೀಗೆ ನೋಂದಾಯಿಸಿದವರಿಗೆ ಖರೀದಿದಾರರು 45 ದಿನದೊಳಗೆ ಪಾವತಿಸಬೇಕು. ಬಿಲ್ಲಿನಲ್ಲಿ ನೋಂದಣಿ ಸಂಖ್ಯೆ ಅಚ್ಚಾಗಿರಲಿ.